ಉಗ್ರಾಣದ ಸಸಿಗಳಿಗೆ ದೀಪ ಎಷ್ಟು ಎತ್ತರದಲ್ಲಿರಬೇಕು?

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಸುತ್ತಲೂ ಅಡಿಕೆ ತೋಟ. ಮಳೆಗಾಲದಲ್ಲಿ ಅಂಗಳದಲ್ಲಿ ಬಿತ್ತಿದ್ದು ಏಳುವುದಿಲ್ಲ, ಎದ್ದರೂ ಮಳೆಗೆ ಚಚ್ಚಿ ಹೋಗುತ್ತದೆ. ಹಾಗಾಗಿ ಈ ಸಲ ಮನೆಯ ಹಿಂದಿನ ಉಗ್ರಾಣದಲ್ಲಿ ಹಸಿಮೆಣಸು, ಬದನೆ, ಟೊಮೆಟೊ ಸಸಿ ಮಾಡಲು ಹೊರಟೆ. ಕೋಣೆ 6 ಅಡಿ ಅಗಲ, 8 ಅಡಿ ಉದ್ದ, ಬಡಗು ದಿಕ್ಕಿಗೆ ಒಂದೇ ಕಿಟಕಿ. ಆನ್‌ಲೈನಿನಲ್ಲಿ 300 ವ್ಯಾಟ್ ಎಂದು ಬರೆದಿದ್ದ ನೇರಳೆ ಬೆಳಕಿನ ಎಲ್‌ಇಡಿ ಬಲ್ಬ್ ತರಿಸಿ, ಮಾಡಿನ ಪಕ್ಕಾಸಿನಿಂದ ವಯರ್ ಇಳಿಬಿಟ್ಟು ಕಟ್ಟಿದೆ. ಟ್ರೇಗೂ ಬಲ್ಬಿಗೂ ನಾಲ್ಕಡಿ ದೂರ. ದಿನಕ್ಕೆ ಹತ್ತು ಗಂಟೆ ಉರಿಸಿದೆ. ಎಂಟೇ ದಿನದಲ್ಲಿ ಸಸಿಗಳೆಲ್ಲ ನೂಲಿನ ಹಾಗೆ ಉದ್ದಕ್ಕೆ ಹೋಗಿ ಅಡ್ಡ ಬಿದ್ದವು. ಇನ್ನೂ ದೊಡ್ಡ ದೀಪ ತರಬೇಕೇ? ಯಾವುದು? ಎಲ್ಲಿ ಕಟ್ಟಬೇಕು? ಹರಿವೆ, ಕೊತ್ತಂಬರಿ, ಕಾಳುಮೆಣಸಿನ ಕಡ್ಡಿಗಳನ್ನೂ ಅಲ್ಲೇ ಇಡಬಹುದೇ? ಕರೆಂಟ್ ಬಿಲ್ ಎಷ್ಟು ಏರೀತು?

ಉತ್ತರ: ಅಕ್ಕಾ, ದೊಡ್ಡ ದೀಪಕ್ಕೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಸಸಿಗಳಿಗೆ ರೋಗ ಬಂದದ್ದಲ್ಲ, ಬೀಜವೂ ಹಾಳಲ್ಲ. ಅವು ಬೆಳಕು ಹುಡುಕಿಕೊಂಡು ಹೋಗಿ ಸೋತವು. ನಿಮ್ಮ ತೋಟದಲ್ಲೇ ಇದನ್ನು ನೋಡಿರುತ್ತೀರಿ: ಅಡಿಕೆ ಮರಗಳ ದಟ್ಟ ನೆರಳಿನಲ್ಲಿ ತಾನಾಗಿ ಹುಟ್ಟಿದ ಗಾಂಧಾರಿ ಮೆಣಸಿನ ಗಿಡ ಕಡ್ಡಿಯ ಹಾಗೆ ಮೇಲಕ್ಕೆ ಹೋಗಿ, ತುದಿಯಲ್ಲಿ ನಾಲ್ಕು ಎಲೆ ಹೊತ್ತು ನಿಂತಿರುತ್ತದೆ. ಉಗ್ರಾಣದಲ್ಲಿ ನಡೆದದ್ದೂ ಅದೇ.

ನಾನು ವಯರಿಂಗ್ ಕೆಲಸದಿಂದ ತರಕಾರಿ ಸಸಿಗೆ ಬಂದವನು, ಮುಳ್ಳೇರಿಯದ ಕಡೆಯವನು. ಮಳೆಗಾಲದ ಸಸಿಕೋಣೆ ಮಾಡಿಕೊಂಡು ಎಂಟು ವರ್ಷವಾಯಿತು. ಕೇಳುವವರೆಲ್ಲರೂ ಮೊದಲು ವ್ಯಾಟ್ ಕೇಳುತ್ತಾರೆ. ವ್ಯಾಟ್ ಎಂದರೆ ದೀಪ ನುಂಗುವ ಕರೆಂಟಿನ ಲೆಕ್ಕ. ಗಿಡಕ್ಕೆ ಬೇಕಾದ ಲೆಕ್ಕ ಬೇರೆ, ಅದನ್ನು ಎಲೆಯ ಮೇಲೆಯೇ ಅಳೆಯಬೇಕು.

ನಮ್ಮ ಕಡೆ ಮಳೆ ಅಳೆಯದ ಅಡಿಕೆ ಕೃಷಿಕರು ಕಡಿಮೆ. ಬೆಳಿಗ್ಗೆ ಎದ್ದು ಡಬ್ಬಿ ನೋಡಿ "ನಿನ್ನೆ ಎಷ್ಟು ಮಿಲ್ಲಿಮೀಟರ್" ಎಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಬೆಳಕನ್ನೂ ಹಾಗೆಯೇ ಭಾವಿಸಿ. ಈ ಕ್ಷಣ ಎಷ್ಟು ಜೋರಾಗಿ ಸುರಿಯುತ್ತಿದೆ ಎಂಬುದು ಒಂದು ಲೆಕ್ಕ, ಇಡೀ ದಿನಕ್ಕೆ ಡಬ್ಬಿಯಲ್ಲಿ ಎಷ್ಟು ನಿಂತಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪಿಪಿಎಫ್‌ಡಿ ಎನ್ನುತ್ತಾರೆ: ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಕಣಗಳ ಎಣಿಕೆ. ಅದರ ಅಳತೆ ಮೈಕ್ರೋಮೋಲ್. ಎರಡನೆಯದು ಡಿಎಲ್‌ಐ, ಅಂದರೆ ದಿನದ ಒಟ್ಟು ಬೆಳಕು. ಅದರ ಅಳತೆ ಮೋಲ್, ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಪಿಪಿಎಫ್‌ಡಿ ಸುಮಾರು 2000 ಇರುತ್ತದೆ. ಮೆಣಸು, ಬದನೆ, ಟೊಮೆಟೊ ಸಸಿಗಳು ಗಟ್ಟಿಯಾಗಿ ನಿಲ್ಲಬೇಕಾದರೆ ದಿನಕ್ಕೆ 10ರಿಂದ 12 ಮೋಲ್ ಸಿಕ್ಕಿದರೆ ಸಾಕು.

ಈಗ ನಿಮ್ಮ ಕಿಟಕಿಯ ಲೆಕ್ಕ ನೋಡುವ. ಆಟಿ ತಿಂಗಳ (ಜುಲೈ, ಆಗಸ್ಟ್) ಮೋಡ ಕವಿದ ದಿನ ಬಡಗು ಕಿಟಕಿಯಿಂದ ಮೂರಡಿ ಒಳಗೆ ಟ್ರೇ ಇಟ್ಟರೆ ಅಲ್ಲಿ 500 ಲಕ್ಸ್ (ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಇದ್ದರೆ ಹೆಚ್ಚು. ಪಿಪಿಎಫ್‌ಡಿಯಲ್ಲಿ ಅದು 9ರ ಸುಮಾರು. ಹಗಲಿಡೀ ಅಷ್ಟೇ ಇತ್ತು ಎಂದುಕೊಂಡರೂ ದಿನಕ್ಕೆ ಅರ್ಧ ಮೋಲ್ ಕೂಡ ಆಗುವುದಿಲ್ಲ. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದರಿಂದ "ಕೋಣೆಯಲ್ಲಿ ಬೇಕಾದಷ್ಟು ಬೆಳಕಿದೆ" ಎಂದು ಕಾಣುತ್ತದೆ. ಎಲೆಗೆ ಹಾಗೆ ಹೊಂದಿಕೊಳ್ಳಲು ಬರುವುದಿಲ್ಲ.

ಇನ್ನು ಆ ನೇರಳೆ ಬಲ್ಬು. ಅದು ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತದೆಂದು ನೀವೇ ಪತ್ತೆ ಮಾಡಬಹುದು. ಹಗಲು ಹೊತ್ತಿನಲ್ಲಿ ಫ್ರಿಜ್, ಇನ್ವರ್ಟರ್, ಟಿವಿಯ ಡಬ್ಬಿ ಎಲ್ಲದರ ಪ್ಲಗ್ ಕಿತ್ತು, ಬಲ್ಬ್ ಒಂದನ್ನೇ ಉರಿಸಿ, ಮೀಟರಿನ ಎದುರು ನಿಲ್ಲಿ. ಅದರಲ್ಲಿ ಒಂದು ಸಣ್ಣ ಕೆಂಪು ದೀಪ ಆಗಾಗ ಮಿಂಚುತ್ತದೆ. ಯುನಿಟ್ಟಿಗೆ ಎಷ್ಟು ಸಲ ಮಿಂಚಬೇಕೆಂದು ಮೀಟರಿನ ಮುಖದ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ, ಒಂದು ಮಿಂಚಿನಿಂದ ಇನ್ನೊಂದು ಮಿಂಚಿಗೆ ಎಷ್ಟು ಸೆಕೆಂಡ್ ಎಂದು ಎಣಿಸಿ, 1125ನ್ನು ಅದರಿಂದ ಭಾಗಿಸಿ. ಬಂದದ್ದೇ ವ್ಯಾಟ್. 1600 ಎಂದಿದ್ದರೆ 2250ನ್ನು ಭಾಗಿಸಿ. ನಾನು ಇಂಥದ್ದೇ 300 ವ್ಯಾಟಿನ ಬಲ್ಬೊಂದನ್ನು ಹೀಗೆ ನೋಡಿದಾಗ ಎರಡು ಮಿಂಚುಗಳ ನಡುವೆ 43 ಸೆಕೆಂಡ್ ಹಿಡಿಯಿತು. 1125ನ್ನು 43ರಿಂದ ಭಾಗಿಸಿದರೆ 26 ವ್ಯಾಟ್. ಪೆಟ್ಟಿಗೆಯ ಮೇಲಿನ 300 ಎಲ್ಲಿಂದ ಬಂತೆಂದರೆ, ಒಳಗಿನ ಒಂದೊಂದು ಚಿಪ್ ಹೆಚ್ಚೆಂದರೆ ಇಷ್ಟು ತಾಳಬಹುದು ಎಂಬ ಅಂಕಿಯನ್ನು ಕೂಡಿಸಿ ಬರೆದುಬಿಡುತ್ತಾರೆ, ಇಲ್ಲವೇ "ಹಳೆಯ ಬಲ್ಬಿನ ಇಷ್ಟು ವ್ಯಾಟಿಗೆ ಸಮ" ಎಂಬ ಲೆಕ್ಕ ಹಾಕುತ್ತಾರೆ. ಕೊಳ್ಳುವವರಿಗೆ ಇದು ಅನ್ಯಾಯ. "ಇದು ಗೋಡೆಯಿಂದ ಎಳೆಯುವ ವ್ಯಾಟ್ ಎಷ್ಟು" ಎಂಬ ಪ್ರಶ್ನೆಗೆ ಉತ್ತರ ಕೊಡದ ದೀಪವನ್ನು ಕೊಳ್ಳಲೇಬೇಡಿ.

ನಿಮ್ಮದೂ 26 ವ್ಯಾಟ್ ಎಂದೇ ಇಟ್ಟುಕೊಳ್ಳುವ. ಅಂಥ ಬಲ್ಬಿನಿಂದ ಸೆಕೆಂಡಿಗೆ 40 ಮೈಕ್ರೋಮೋಲ್ ಬೆಳಕು ಹೊರಟೀತು. ನಾಲ್ಕಡಿ ಕೆಳಗೆ, ಸರೀ ನಡುವಿನಲ್ಲಿ ಇಟ್ಟ ಸಸಿಗೂ ಅದರಲ್ಲಿ ಸಿಗುವುದು 8 ಅಥವಾ 9 ಮಾತ್ರ. ಹತ್ತು ಗಂಟೆ ಉರಿಸಿದರೆ ದಿನಕ್ಕೆ 0.3 ಮೋಲ್. ಬೇಕಾದದ್ದು ಹತ್ತು ಮೋಲ್. ಬಲ್ಬಿನ ಹೆಚ್ಚಿನ ಪಾಲು ಬೆಳಕು ಗೋಡೆಗೆ, ನೆಲಕ್ಕೆ, ಅಡಿಕೆ ಗೋಣಿಗೆ ಬಿದ್ದು ಹೋಯಿತು. ಅದೇ ಬಲ್ಬನ್ನು ಒಂದಡಿಗೆ ಇಳಿಸಿ ನೋಡಿ. ಒಂದೇ ಬಿಂದುವಿನಿಂದ ಹೊರಡುವ ಬೆಳಕು ದೂರ ಅರ್ಧವಾದಾಗ ನಾಲ್ಕು ಪಟ್ಟು, ಕಾಲು ಭಾಗವಾದಾಗ ಹದಿನಾರು ಪಟ್ಟು ಆಗುತ್ತದೆ. 8 ಇದ್ದದ್ದು 140ರ ಹತ್ತಿರ ಬಂತು. ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಆದರೆ ಹಾಗೆ ಇಳಿಸಿದರೆ ಬೆಳಕಿನ ವೃತ್ತವೂ ಕಿರಿದಾಗುತ್ತದೆ. ಒಂದಡಿ ಎತ್ತರದ ಬಲ್ಬಿನ ಕೆಳಗೆ ನಡುವಿನಿಂದ ಒಂದಡಿ ಬದಿಗೆ ಸರಿದರೆ ಸಿಗುವುದು ನಡುವಿನ ಕಾಲು ಭಾಗ. ಆದ್ದರಿಂದ ಆ ಬಲ್ಬು ಒಂದು ಸಣ್ಣ ಟ್ರೇಗೆ ಸಾಲುತ್ತದೆ, ಇಡೀ ಸಾಲಿಗೆ ಸಾಲದು. ಸಣ್ಣ ಕೋಣೆಗೆ ಬಲ್ಬಿಗಿಂತ ಉದ್ದ ಕೊಳವೆ ಅಥವಾ ಪಟ್ಟಿ ದೀಪವೇ ಯಾಕೆ ಸರಿ ಎಂಬುದಕ್ಕೆ ಇದೇ ಕಾರಣ. ನಾಲ್ಕಡಿ ಉದ್ದದ ಟ್ಯೂಬ್ ಬೆಳಕನ್ನು ಉದ್ದಕ್ಕೂ ಹರಡಿಯೇ ಕೊಡುತ್ತದೆ, ದೂರ ಎರಡು ಪಟ್ಟಾದರೂ ಬೆಳಕು ಅರ್ಧಕ್ಕೆ ಇಳಿಯುತ್ತದೆಯೇ ಹೊರತು ಕಾಲಿಗೆ ಇಳಿಯುವುದಿಲ್ಲ. ನಾಲ್ಕು ಟ್ಯೂಬ್ ಪಕ್ಕಪಕ್ಕ ಇದ್ದರೆ ಇಳಿಕೆ ಅದಕ್ಕಿಂತಲೂ ಕಡಿಮೆ.

ನೇರಳೆ ಬೆಳಕೇ ಗಿಡಕ್ಕೆ ಶ್ರೇಷ್ಠ ಎಂಬ ಮಾತನ್ನೂ ಇಲ್ಲೇ ಬಿಡಿಸಿಬಿಡುವ. ಪತ್ರಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿಯನ್ನು, ಹಸಿರನ್ನು ಕಡಿಮೆ ಹೀರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದನ್ನೇ ಹಿಡಿದು ಕೆಂಪು, ನೀಲಿ ಚಿಪ್‌ಗಳನ್ನು ಮಾತ್ರ ಹಾಕಿದ ದೀಪ ಬಂತು. ಆದರೆ ಇಡೀ ಎಲೆಯ ಮೇಲೆ ಅಳೆದಾಗ ಕತೆ ಬೇರೆ. 1972ರಲ್ಲಿ ಮೆಕ್‌ಕ್ರೀ ಎಂಬ ವಿಜ್ಞಾನಿ ಹಲವು ಬೆಳೆಗಳ ಎಲೆಗಳಿಗೆ ಒಂದೊಂದೇ ಬಣ್ಣದ ಬೆಳಕು ಕೊಟ್ಟು ಅಳೆದು ಪ್ರಕಟಿಸಿದ ನಕ್ಷೆಯ ಗೆರೆಯಲ್ಲಿ, 400ರಿಂದ 700 ನ್ಯಾನೋಮೀಟರಿನ (ಬೆಳಕಿನ ಬಣ್ಣ ಗುರುತಿಸುವ ಅಲೆಯ ಅಳತೆ) ನಡುವಿನ ಎಲ್ಲ ಬಣ್ಣವೂ, ಹಸಿರೂ ಸೇರಿ, ಎಲೆಯ ಕೆಲಸಕ್ಕೆ ಬರುತ್ತದೆಂದು ಕಂಡಿತು. ಹಸಿರು ಬೆಳಕು ಎಲೆಯ ಆಳಕ್ಕೂ, ಕೆಳಗಿನ ಎಲೆಗಳಿಗೂ ಇಳಿಯುತ್ತದೆ. ಇಂದಿನ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಚಿಪ್, ಅದರ ಮೇಲೆ ಬಳಿದ ಹಳದಿ ಲೇಪ ನೀಲಿಯ ಒಂದಂಶವನ್ನು ಬೇರೆ ಬಣ್ಣಗಳಿಗೆ ತಿರುಗಿಸುತ್ತದೆ. (ಆ ನೀಲಿ ಚಿಪ್ ಮಾಡಿಕೊಟ್ಟ ಅಕಸಾಕಿ, ಅಮಾನೊ, ನಕಮುರ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಅವರ ಕೆಲಸ ಇಲ್ಲದಿದ್ದರೆ ನಮ್ಮ ಉಗ್ರಾಣದಲ್ಲಿ ಸಸಿ ಏಳುವ ಮಾತೇ ಇರಲಿಲ್ಲ.)

ನನಗೆ ನೇರಳೆ ದೀಪ ಬೇಡವಾದದ್ದಕ್ಕೆ ಇನ್ನೊಂದು ಕಾರಣವಿದೆ. ಅದರ ಕೆಳಗೆ ಎಲೆಯ ಬಣ್ಣ ಕಾಣುವುದಿಲ್ಲ. ಎಲ್ಲ ಸಸಿಯೂ ಕಪ್ಪುಕಪ್ಪು. ಒಂದು ವರ್ಷ ಮೆಣಸಿನ ಸಸಿಗಳ ಎಲೆಯಡಿ ನುಸಿ ಹತ್ತಿ, ತುದಿ ಮುರುಟಿ, ಬಣ್ಣಗೆಟ್ಟದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಟ್ರೇ ಹೊರಗೆ ತಂದ ದಿನ ನೋಡಿದರೆ ಮುಕ್ಕಾಲು ಪಾಲು ಹೋಗಿತ್ತು. ಬಿಳಿ ಬೆಳಕಿನಲ್ಲಿದ್ದರೆ ಎರಡನೆಯ ದಿನವೇ ತಿಳಿಯುತ್ತಿತ್ತು.

ಹಾಗಾದರೆ ಯಾವುದು ತರಬೇಕು? ಸಸಿಗೆ ಮಾತ್ರ ಎಂದಾದರೆ ಬದಿಯಡ್ಕ ಪೇಟೆಯ ಯಾವುದೇ ಇಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ನಾಲ್ಕಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್, ಕೂಲ್ ಡೇಲೈಟ್ ಎಂದು ಬರೆದ 6500 ಕೆಲ್ವಿನ್‌ನದು, ಸಾಕು. ಅದರಲ್ಲಿ ನೀಲಿ ಅಂಶ ಹೆಚ್ಚು. ನೀಲಿ ಹೆಚ್ಚಿದ್ದರೆ ಸಸಿ ಗಿಡ್ಡವಾಗಿ, ದಪ್ಪ ಕಾಂಡದ್ದಾಗಿ ಬರುತ್ತದೆ. ಪೆಟ್ಟಿಗೆಯ ಮೇಲೆ ಲ್ಯೂಮೆನ್, ಅಂದರೆ ದೀಪ ಒಟ್ಟು ಕೊಡುವ ಬೆಳಕು, ಎಷ್ಟೆಂದು ನೋಡಿ, 2000 ಅಥವಾ ಹೆಚ್ಚು ಇರಲಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇಲ್ಲದ್ದನ್ನು ಒದ್ದೆ ಕೋಣೆಗೆ ಒಯ್ಯಬೇಡಿ. ಬೀಡಿ ಎಲೆಯ ಹಾಗೆ ಸುರುಳಿ ಸುತ್ತಿ ಬರುವ, ಅಂಟಿಸುವ ಪಟ್ಟಿ ದೀಪಗಳೂ ಬೇಡ, ನಮ್ಮ ತೇವಕ್ಕೆ ಅಂಟು ಒಂದು ತಿಂಗಳೂ ನಿಲ್ಲುವುದಿಲ್ಲ.

ಗಿಡಕ್ಕೆಂದೇ ಮಾಡಿದ ಒಳ್ಳೆಯ ಪಟ್ಟಿ ದೀಪಗಳೂ ಇವೆ: ಬಿಳಿ ಚಿಪ್‌ಗಳ ನಡುವೆ 660 ನ್ಯಾನೋಮೀಟರಿನ ಕೆಂಪು ಚಿಪ್ ಕೂಡಿಸಿದವು. ಅವುಗಳ ಗುಣವನ್ನು ಒಂದು ಅಂಕಿಯಲ್ಲಿ ತಿಳಿಯಬಹುದು: ಒಂದು ಜೂಲ್ ಕರೆಂಟಿಗೆ, ಅಂದರೆ ಒಂದು ವ್ಯಾಟ್ ಒಂದು ಸೆಕೆಂಡ್ ಉರಿದದ್ದಕ್ಕೆ, ಎಷ್ಟು ಮೈಕ್ರೋಮೋಲ್. ಒಳ್ಳೆಯದರಲ್ಲಿ 2.5ಕ್ಕೆ ಮೇಲಿರುತ್ತದೆ. ಮನೆಯ ಟ್ಯೂಬಿನಲ್ಲಿ ಅದು 1.4ರ ಸುಮಾರು. ಅಂದರೆ ನಾಲ್ಕು ಟ್ಯೂಬ್ 80 ವ್ಯಾಟಿನಲ್ಲಿ ಕೊಡುವ ಬೆಳಕನ್ನು ಅದು 45 ವ್ಯಾಟಿನಲ್ಲಿ ಕೊಡುತ್ತದೆ. ಬೆಲೆ ಮಾತ್ರ ಹಲವು ಪಟ್ಟು. ವರ್ಷವಿಡೀ ಉರಿಸುವವರಿಗೆ ಅದು ಸರಿ. ಮಳೆಗಾಲದ ಎರಡು ತಿಂಗಳಿಗೆ ಟ್ಯೂಬೇ ಲಾಭ ಎಂದು ನನ್ನ ಎಣಿಕೆ.

ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲ ಇರುವುದು ಇಲ್ಲಿಯೇ.

ತೂತಿನ ಆಂಗಲ್‌ನ ಕಬ್ಬಿಣದ ರ‍್ಯಾಕ್ ಒಂದು ಬೇಕು, ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಕಿಟಕಿಯ ಎದುರು ಗೋಡೆಗೆ ಒರಗಿಸಬೇಡಿ, ಕಿಟಕಿಯ ಪಕ್ಕದ ಗೋಡೆಗೆ ಇಡಿ. ಕಿಟಕಿಯ ಬೆಳಕು ಒಂದು ಬದಿಯಿಂದ ಬಂದರೆ ಸಸಿ ಆ ಕಡೆಗೆ ಬಾಗುತ್ತದೆ, ಮಳೆಯ ಎರಚಲೂ ಅಲ್ಲಿಂದಲೇ. ಒಂದು ಹಲಗೆಗೆ ನಾಲ್ಕು ಟ್ಯೂಬ್. ನಾಲ್ಕನ್ನೂ ಬೇರೆ ಬೇರೆ ಕಟ್ಟದೆ ಎರಡು ಮರದ ಅಡ್ಡಪಟ್ಟಿಗೆ ಬಿಗಿದು ಒಂದೇ ಚೌಕಟ್ಟು ಮಾಡಿ. ಅಂಚಿನಿಂದ 5, 16, 29, 40 ಸೆಂಟಿಮೀಟರಿಗೆ ಒಂದೊಂದು ಇರಲಿ. ಸಮ ಅಂತರದಲ್ಲಿ ಬಿಗಿಯುವುದು ನೋಡಲು ಚಂದ, ಆದರೆ ಅಂಚಿನ ಸಸಿಗೆ ಒಂದೇ ಬದಿಯಿಂದ ಬೆಳಕು, ನಡುವಿನದಕ್ಕೆ ಎರಡೂ ಬದಿಯಿಂದ. ಹೊರಗಿನ ಟ್ಯೂಬನ್ನು ಅಂಚಿಗೆ ತಂದರೆ ಈ ವ್ಯತ್ಯಾಸ ಬಹುಪಾಲು ಕರಗುತ್ತದೆ. ಎರಡು ತುದಿಗಳಲ್ಲಿ ಬೆಳಕು ಕಡಿಮೆಯೇ ಇರುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ಟ್ರೇಗಳನ್ನು ತಿರುಗಿಸಿ ಇಡಬೇಕು.

ಚೌಕಟ್ಟನ್ನು ಮೇಲಿನ ಹಲಗೆಯಿಂದ ನಾಲ್ಕು ಸಣ್ಣ ಸರಪಳಿಗಳಲ್ಲಿ, ಕೊಕ್ಕೆ ಹಾಕಿ ಇಳಿಬಿಡಿ. ಹಗ್ಗ ಬೇಡ. ಸರಪಳಿಯಾದರೆ ಒಂದೊಂದೇ ಕೊಂಡಿ ಏರಿಸಿ, ನಾಲ್ಕು ಮೂಲೆಯೂ ಸಮ ಇದೆಯೇ ಎಂದು ಕೊಂಡಿ ಎಣಿಸಿಯೇ ತಿಳಿಯಬಹುದು. ಸಸಿ ತಲೆ ಎತ್ತುವಾಗ ದೀಪ ಟ್ರೇಯಿಂದ ಒಂದು ಗೇಣು ಮೇಲೆ ಇರಲಿ. ಎರಡು ಎಲೆ ಬಿಚ್ಚಿಕೊಂಡ ಮೇಲೆ 15 ಸೆಂಟಿಮೀಟರಿಗೆ ಇಳಿಸಿ. ಆಮೇಲೆ ಸಸಿ ಏರಿದ ಹಾಗೆ ದೀಪವೂ ಏರಬೇಕು, ಅಂತರ ಮಾತ್ರ ಅಷ್ಟೇ. ಅಳೆಯುವುದು ಟ್ರೇಯಿಂದಲ್ಲ, ಅತಿ ಎತ್ತರದ ಸಸಿಯ ತುದಿಯಿಂದ. ಹೀಗಾಗಿ ಒಂದೇ ಎತ್ತರದ ಬೆಳೆಯನ್ನು ಒಂದು ಹಲಗೆಯಲ್ಲಿ ಇಡುವುದು ಒಳ್ಳೆಯದು. ಬೇಗ ಏರುವ ಟೊಮೆಟೊ, ನಿಧಾನದ ಮೆಣಸು ಒಟ್ಟಿಗಿದ್ದರೆ ಮೆಣಸಿನ ಟ್ರೇಯ ಅಡಿಗೆ ಎರಡು ಇಟ್ಟಿಗೆ ಇಡಿ.

ರ‍್ಯಾಕಿನ ಹಿಂಬದಿಗೂ ಎರಡು ತುದಿಗೂ ಬಿಳಿ ಮುಚ್ಚಿಗೆ ಬೇಕು. ಹಿಂದಿನ ಗೋಡೆಗೆ ಸುಣ್ಣ ಬಳಿದರೆ ಆಯಿತು, ಶುಭ್ರ ಬಿಳಿ ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ತುದಿಗಳಿಗೆ ಬಿಳಿ ಪಿವಿಸಿ ಹಾಳೆ ಕಟ್ಟಿ. ಥರ್ಮೋಕೋಲ್ ಹಗುರ, ಅಗ್ಗ, ಆದರೆ ವಯರಿನ ಹತ್ತಿರ ಬೆಂಕಿಗೆ ಬೇಗ ಹಿಡಿಯುತ್ತದೆ. ಬೇಡ. ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ ಮಡಿಕೆ ಬಿದ್ದು ಒಂದೆಡೆ ಚುರುಕು, ಒಂದೆಡೆ ಮಂಕು ಮಾಡುತ್ತದೆ, ಸುಣ್ಣವೇ ಮೇಲು.

ಈಗ ಲೆಕ್ಕ. ನಾಲ್ಕು ಟ್ಯೂಬಿನ 8000 ಲ್ಯೂಮೆನ್‌ನಲ್ಲಿ, ಬದಿಗಳು ಬಿಳಿಯಾಗಿದ್ದರೆ, ಸುಮಾರು ಐದರಲ್ಲಿ ನಾಲ್ಕು ಪಾಲು ಹಲಗೆಯ ಮೇಲೆ ಬೀಳುತ್ತದೆ. ಹಲಗೆ 0.54 ಚದರ ಮೀಟರ್. ಎಂದರೆ ಹನ್ನೆರಡು ಸಾವಿರ ಲಕ್ಸಿಗೆ ತುಸು ಕಡಿಮೆ. ಬಿಳಿ ಎಲ್‌ಇಡಿಯಾದರೆ ಲಕ್ಸನ್ನು 67ರಿಂದ ಭಾಗಿಸಿ, ಪಿಪಿಎಫ್‌ಡಿ ಸುಮಾರು 175. ದಿನಕ್ಕೆ 16 ಗಂಟೆ ಉರಿಸಿದರೆ 10 ಮೋಲ್. ನಮಗೆ ಬೇಕಾದದ್ದೂ ಅಷ್ಟೇ. ಹಗಲು ನಮ್ಮಲ್ಲಿ ಅತಿ ಉದ್ದವೆಂದರೂ 12 ಗಂಟೆ 50 ನಿಮಿಷ, ಉಳಿದ ಮೂರು ಚಿಲ್ಲರೆ ಗಂಟೆಗಳ ಬೆಳಕನ್ನು ನಾವು ಹೆಚ್ಚುವರಿಯಾಗಿ ಕೊಡುತ್ತಿದ್ದೇವೆ. ಹಾಗೆಂದು ದಿನದ 24 ಗಂಟೆಯೂ ಉರಿಸಬೇಡಿ. ಕತ್ತಲೆಯೇ ಇಲ್ಲದಿದ್ದರೆ ಟೊಮೆಟೊ ಎಲೆ ಬಿಳಿಚಿ ಕೆಡುತ್ತದೆ. ಎಂಟು ಗಂಟೆಯಾದರೂ ರಾತ್ರಿ ಇರಲಿ.

ನಿಮ್ಮ ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಪರೀಕ್ಷಿಸಿ. ಬೆಳಕು ತಿಳಿಯುವ ಕಣ್ಣು ಪರದೆಯ ಮೇಲ್ತುದಿಯಲ್ಲಿರುತ್ತದೆ. ಮೊಬೈಲನ್ನು ಸಸಿಯ ತುದಿಯ ಮಟ್ಟಕ್ಕೆ ಅಂಗಾತ ಮಲಗಿಸಿ, ನಿಮ್ಮ ತಲೆಯ ನೆರಳು ಬೀಳದ ಹಾಗೆ ಬದಿಯಿಂದ ಓದಿ. ಹಲಗೆಯ ಮೇಲೆ ಮೂರು ಸಾಲು, ಸಾಲಿಗೆ ಮೂರು ಕಡೆ, ಒಟ್ಟು ಒಂಬತ್ತು ಕಡೆ ಬರೆದುಕೊಳ್ಳಿ. ಒಂದೊಂದು ಮೊಬೈಲ್ ಒಂದೊಂದು ಅಂಕಿ ತೋರಿಸುತ್ತದೆ, ಆದ್ದರಿಂದ ಅಂಕಿಯನ್ನೇ ಪ್ರಮಾಣವೆಂದು ಹಿಡಿಯಬೇಡಿ. ಒಂಬತ್ತರ ನಡುವಿನ ವ್ಯತ್ಯಾಸ ಮಾತ್ರ ನಂಬಬಹುದು. ನಡುವಿನಲ್ಲಿ 13000 ತೋರಿಸಿ ಮೂಲೆಯಲ್ಲಿ 6000 ತೋರಿಸಿದರೆ ಟ್ಯೂಬುಗಳನ್ನು ಇನ್ನಷ್ಟು ಅಂಚಿಗೆ ಸರಿಸಬೇಕು ಎಂದು ಅರ್ಥ. ಈ ಪರೀಕ್ಷೆ ನೇರಳೆ ಬಲ್ಬಿಗೆ ನಡೆಯದು. ಲಕ್ಸ್ ಎಂಬುದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ, ಹಸಿರನ್ನು ಹೆಚ್ಚು ಎಣಿಸಿ ಕೆಂಪು ನೀಲಿಯನ್ನು ಕಡಿಮೆ ಎಣಿಸುತ್ತದೆ.

ಅಂಕಿಗಿಂತ ಸಸಿಯೇ ಒಳ್ಳೆಯ ಮೀಟರು. ಬುಡದಿಂದ ಮೊದಲ ಎಲೆಗಿರುವ ಕಾಂಡ ದಿನದಿನಕ್ಕೆ ಉದ್ದವಾಗುತ್ತಿದ್ದರೆ ಬೆಳಕು ಸಾಲದು, ಎರಡು ಕೊಂಡಿ ಇಳಿಸಿ. ತುದಿಯ ಎಲೆ ಬಿಳಿಚಿ, ಅಂಚು ಮೇಲಕ್ಕೆ ಮಡಿಚಿದರೆ ಹೆಚ್ಚಾಯಿತು, ಎರಡು ಕೊಂಡಿ ಏರಿಸಿ. ಎಲೆಯ ಮಟ್ಟದಲ್ಲಿ ಅಂಗೈಯ ಹಿಂಬದಿ ಹಿಡಿದು ಒಂದು ನಿಮಿಷ ನಿಲ್ಲಿ, ಬಿಸಿ ಎನಿಸಬಾರದು. ದೀಪವನ್ನು ಮೊಳಕೆ ಕಂಡ ದಿನದಿಂದಲೇ ಉರಿಸಬೇಕು. ಮೆಣಸು, ಬದನೆ, ಟೊಮೆಟೊ ಬೀಜ ಮೊಳೆಯಲು ಬೆಳಕು ಬೇಡ, ಆದರೆ ಮಣ್ಣಿನಿಂದ ಕುತ್ತಿಗೆ ಹೊರಬಂದ ಮೇಲೆ ಎರಡು ದಿನ ಕತ್ತಲಲ್ಲಿ ಕಳೆದರೆ ಮತ್ತೆ ಏನು ಮಾಡಿದರೂ ಆ ಉದ್ದ ಹೋಗುವುದಿಲ್ಲ.

ಕರೆಂಟಿನ ಮಾತು. 80 ವ್ಯಾಟ್, 16 ಗಂಟೆ ಎಂದರೆ ದಿನಕ್ಕೆ 1.28 ಯುನಿಟ್. ನಮ್ಮ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ ಎರಡು ತಿಂಗಳಿಗೊಮ್ಮೆ, ಹಾಗಾಗಿ ಒಂದು ಬಿಲ್ಲಿನಲ್ಲಿ 77 ಯುನಿಟ್ ಸೇರುತ್ತದೆ. ಅದೇ ಬೆಳಕನ್ನು 45 ವ್ಯಾಟಿನ ಪಟ್ಟಿ ದೀಪದಲ್ಲಿ ಪಡೆದರೆ 43 ಯುನಿಟ್. ಹಳೆಯ ಬಿಲ್ ತೆಗೆದು ನೋಡಿ: ಈಗಾಗಲೇ ಒಂದು ಸ್ಲ್ಯಾಬಿನ ಅಂಚಿನಲ್ಲಿದ್ದರೆ ಈ 77 ಯುನಿಟ್ ಮೇಲಿನ ದರಕ್ಕೆ ಬೀಳುತ್ತದೆ, ಆಗ ಒಂದೇ ಹಲಗೆಯಲ್ಲಿ ನಿಲ್ಲಿಸಿ.

ಹೊತ್ತಿಗೆ ಸರಿಯಾಗಿ ದೀಪ ಆರಿಸಲು, ಹೊತ್ತಿಸಲು ಟೈಮರ್ ಬೇಕೇ ಬೇಕು. ಇದರಲ್ಲಿ ನಾನು ಒಮ್ಮೆ ನಷ್ಟ ಮಾಡಿಕೊಂಡಿದ್ದೇನೆ. ಸುತ್ತ ಸಣ್ಣ ಹಲ್ಲುಗಳಿರುವ, ತಿರುಗುವ ಚಕ್ರದ ಟೈಮರ್ ಹಾಕಿದ್ದೆ. ಅದು ತಿರುಗುವುದು ಕರೆಂಟಿನಲ್ಲೇ. ಆ ವರ್ಷ ಗಾಳಿಗೆ ಮರ ಬಿದ್ದು ನಮ್ಮ ಕಡೆ ದಿನಕ್ಕೆ ಎರಡು ಮೂರು ಗಂಟೆ ಕರೆಂಟ್ ಇರಲಿಲ್ಲ. ಹೋದಷ್ಟು ಹೊತ್ತು ಚಕ್ರವೂ ನಿಂತು, ಒಂದು ವಾರದಲ್ಲಿ ಹಗಲು ರಾತ್ರಿ ಅದಲುಬದಲಾಗಿ, ದೀಪ ನಡುರಾತ್ರಿ ಉರಿದು ಹಗಲು ಆರಿತ್ತು. ನಾನು ಹಗಲು ಹೋಗಿ "ಕರೆಂಟಿಲ್ಲ ಕಾಣುತ್ತದೆ" ಎಂದುಕೊಂಡು ಬರುತ್ತಿದ್ದೆ. ಒಳಗೆ ಬ್ಯಾಟರಿ ಇರುವ, ಅಂಕಿ ತೋರಿಸುವ ಟೈಮರ್ ತನ್ನಿ. ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಇಟ್ಟುಬಿಡಿ. ಒಂದೊಂದು ದಿನ ಕರೆಂಟ್ ಹೋದರೆ ಗಾಬರಿ ಬೇಡ, ಸಸಿಗೆ ಏನೂ ಆಗುವುದಿಲ್ಲ. ಸತತ ಮೂರು ದಿನವಾದರೆ ಟ್ರೇಗಳನ್ನು ಜಗಲಿಗೆ ತಂದಿಡಿ.

ವಯರಿಂಗ್ ವಿಷಯದಲ್ಲಿ ಕೈಮುಗಿದು ಹೇಳುತ್ತೇನೆ, ಉದಾಸೀನ ಮಾಡಬೇಡಿ. ನೀರು, ಕಬ್ಬಿಣದ ರ‍್ಯಾಕು, ಒದ್ದೆ ನೆಲ, ಬರಿಗಾಲು, ಇಷ್ಟೂ ಒಂದೇ ಕೋಣೆಯಲ್ಲಿವೆ. ಆ ಕೋಣೆಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ದೀಪ ಆಮೇಲೆ. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಟಪ್ಪೆಂದು ಬೀಳಬೇಕು. ರ‍್ಯಾಕಿಗೆ ಅರ್ತ್ ವಯರ್ ಕೊಡಿ. ಪ್ಲಗ್ಗಿಗೆ ಹೋಗುವ ವಯರ್ ಪ್ಲಗ್ಗಿಗಿಂತ ಕೆಳಗೆ ಒಂದು ಜೋಲು ಬಿದ್ದು ಆಮೇಲೆ ಮೇಲೇರಲಿ, ವಯರಿನ ಮೇಲೆ ಹರಿದ ನೀರು ಆ ಜೋಲಿನಿಂದಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ನೀರು ಹಾಕುವಾಗ ಸ್ವಿಚ್ ಆರಿಸಿ, ಟ್ರೇಗೆ ಮೇಲಿನಿಂದ ಚಿಮುಕಿಸದೆ ಅಡಿಯ ತಟ್ಟೆಗೆ ಹೊಯ್ಯಿರಿ. ಸಿಡಿಲು ಬರುವ ಸೂಚನೆ ಕಂಡರೆ ಪ್ಲಗ್ ಕಿತ್ತೇ ಇಡಿ. ದೀಪದಲ್ಲಿ ಚಿಪ್ ಸಾಯುವುದಕ್ಕಿಂತ ಮೊದಲು ಅದಕ್ಕೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಸಾಯುತ್ತದೆ, ನಮ್ಮ ಊರಿನಲ್ಲಿ ಅದಕ್ಕೆ ಹೆಚ್ಚಿನ ಕಾರಣ ಸಿಡಿಲು ಮತ್ತು ತೇವ.

ತೇವದ ಕೋಣೆಯಲ್ಲಿ ಬೆಳಕು ಸರಿಯಾದರೂ ಸಸಿಯ ಬುಡ ಕೊಳೆತು ಮಲಗುವುದುಂಟು. ಸಣ್ಣ ಟೇಬಲ್ ಫ್ಯಾನ್ ಒಂದನ್ನು ಸಸಿಗೆ ನೇರ ಹೊಡೆಯದ ಹಾಗೆ, ಗೋಡೆಗೆ ತಿರುಗಿಸಿ ಇಡಿ. ಎಲೆ ಸಣ್ಣಗೆ ಅಲ್ಲಾಡಿದರೆ ಸಾಕು, ಕಾಂಡವೂ ಗಟ್ಟಿಯಾಗುತ್ತದೆ. ಕಿಟಕಿಗೆ ಸೊಳ್ಳೆಬಲೆ ಹೊಡೆಯಿರಿ. ಸಂಜೆ ಹೊತ್ತು ಉರಿಯುವ ದೀಪಕ್ಕೆ ಗೆದ್ದಲಿನ ರೆಕ್ಕೆಹುಳುಗಳು ಮುಗಿಬಿದ್ದು ಬೆಳಿಗ್ಗೆ ಟ್ರೇ ತುಂಬ ರೆಕ್ಕೆ ತುಂಬಿರುತ್ತದೆ.

ನೀವು ಕೇಳಿದ ಬೇರೆ ಬೆಳೆಗಳ ವಿಷಯ. ಕೊತ್ತಂಬರಿ ಈ ದೀಪಕ್ಕೆ ಚೆನ್ನಾಗಿ ಬರುತ್ತದೆ, ಆದರೆ ಹಗಲು ಉದ್ದವಾದರೆ ಬೇಗ ಹೂವಿಗೆ ಹೋಗುತ್ತದೆ. ಅದನ್ನು ಬೇರೆ ಹಲಗೆಯಲ್ಲಿಟ್ಟು 12 ಗಂಟೆ ಮಾತ್ರ ಬೆಳಕು ಕೊಡಿ. ಪುದೀನವೂ ಆಗುತ್ತದೆ. ಹರಿವೆ ದೊಡ್ಡದಾಗಿ, ದಂಟು ಬರುವ ತನಕ ಬೆಳೆಸುವ ಆಸೆ ಬಿಡಿ. ಅದು ಸುಡುಬಿಸಿಲಿನ ಗಿಡ, ಬೆಳಕು ಬಳಸುವ ರೀತಿಯಲ್ಲಿ ಜೋಳ, ಕಬ್ಬಿನ ಗುಂಪಿನದು, ಅದಕ್ಕೆ ಬೇಕಾದ ಬೆಳಕನ್ನು ಕರೆಂಟಿನಲ್ಲಿ ಕೊಟ್ಟರೆ ಸೊಪ್ಪಿನ ಬೆಲೆಗಿಂತ ಬಿಲ್ ಹೆಚ್ಚು. ದಟ್ಟವಾಗಿ ಬಿತ್ತಿ ನಾಲ್ಕಂಗುಲ ಆದಾಗಲೇ ಕತ್ತರಿಸುವುದಾದರೆ ಸರಿ. ಕಾಳುಮೆಣಸಿನ ಕಡ್ಡಿಗೆ, ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ಪನ್ನಿಯೂರು-1 ಆಗಲಿ ಊರಿನ ತಳಿಯೇ ಆಗಲಿ, ಈ ದೀಪ ಬೇಕಾಗಿಯೇ ಇಲ್ಲ. ಬೇರು ಬಿಡುವಾಗ ಅದಕ್ಕೆ ಬೇಕಾದದ್ದು ನೆರಳು ಮತ್ತು ಹಸಿಗಾಳಿ, ತೋಟದ ಬದಿಯ ಮಾಡಿನಡಿಯಲ್ಲಿ ಅವೆರಡೂ ಬಿಟ್ಟಿ ಸಿಗುತ್ತವೆ.

ಈಗ ಬಿದ್ದಿರುವ ಸಸಿಗಳಲ್ಲಿ ಟೊಮೆಟೊವನ್ನು ಉಳಿಸಿಕೊಳ್ಳಬಹುದು. ಅದರ ಕಾಂಡ ಮಣ್ಣಿಗೆ ತಾಗಿದಲ್ಲಿ ಬೇರು ಬಿಡುತ್ತದೆ. ಆಳದ ಲೋಟದಲ್ಲಿ ಎಲೆಯ ಬುಡದವರೆಗೆ ಕಾಂಡ ಹೂತು, ಆ ನೇರಳೆ ಬಲ್ಬನ್ನೇ ಒಂದಡಿಗೆ ಇಳಿಸಿ ಅದರ ಕೆಳಗಿಡಿ. ಮೆಣಸು, ಬದನೆ ಹೊಸದಾಗಿ ಬಿತ್ತಿ. ಸಮಯ ಇದೆ: ಆಗಸ್ಟ್ ಮೊದಲ ವಾರ ಮೆಣಸು ಹಾಕಿದರೆ 40 ದಿನದ ಸಸಿ ಸೆಪ್ಟೆಂಬರ್ ನಡುವಿಗೆ ಸಿದ್ಧ, ಬದನೆ, ಟೊಮೆಟೊಗಳಿಗೆ 25ರಿಂದ 30 ದಿನ ಸಾಕು, ಅವನ್ನು ಎರಡು ವಾರ ತಡೆದು ಹಾಕಿ. ಎಲ್ಲವೂ ಮಳೆ ತಗ್ಗುವ ಹೊತ್ತಿಗೆ ಒಟ್ಟಿಗೆ ನೆಡಲು ಸಿಗುತ್ತವೆ. ನೆಡುವ ಮುಂಚೆ ಏಳು ದಿನ ಟ್ರೇಯನ್ನು ಜಗಲಿಗೆ ತನ್ನಿ, ಮೊದಲ ದಿನ ಒಂದು ಗಂಟೆ, ಮತ್ತೆ ದಿನಕ್ಕೊಂದು ಗಂಟೆ ಹೆಚ್ಚಿಸುತ್ತ. 175ರ ಬೆಳಕಿನಲ್ಲಿ ಬೆಳೆದ ಎಲೆಗೆ 2000ದ ಬಿಸಿಲು ಒಮ್ಮೆಲೇ ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಬಿಳಿ ಕಲೆಯಾಗಿ ಒಣಗುತ್ತದೆ. ಕೊನೆಯ ಎರಡು ದಿನ ರಾತ್ರಿಯೂ ಹೊರಗೇ ಇರಲಿ, ಆದರೆ ಮಾಡಿನ ಒಳಗೆ, ಹಂಚಿನ ನೀರು ಬೀಳದ ಕಡೆ.